ಔಷಧಿ ಹೊಡೆಯುವವರ ಮೂತ್ರಪಿಂಡ

ಕೀಟನಾಶಕದ ವಿಷ ಅಂದರೆ ವೈದ್ಯರು ಬಹುಕಾಲ ನೋಡುತ್ತಿದ್ದುದು ನರಗಳನ್ನು. 1930ರ ದಶಕದಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ರೂಪಿಸಿದ ಆರ್ಗನೋಫಾಸ್ಫೇಟ್‌ಗಳು ಹುಳುವಿನ ನರವನ್ನು ಕೆಡಿಸುತ್ತಿದ್ದವು, ಮನುಷ್ಯನದನ್ನೂ ಬಿಡುತ್ತಿರಲಿಲ್ಲ. ಬಾಯಲ್ಲಿ ನೊರೆ, ಕುಗ್ಗಿದ ಕಣ್ಣಪಾಪೆ, ಕಟ್ಟಿದ ಉಸಿರು. ಅಟ್ರೋಪಿನ್ ಕೊಟ್ಟು ಜೀವ ಉಳಿಸುವ ಧಾವಂತದಲ್ಲಿ ಕಿಡ್ನಿಯ ವಿಚಾರ ಹಿಂದೆ ಬಿತ್ತು. ತೀವ್ರ ವಿಷಪ್ರಾಶನದಲ್ಲಿ ಸ್ನಾಯುಗಳು ಕರಗಿ, ಅವುಗಳ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಮೂತ್ರಪಿಂಡದ ನಾಳಗಳಲ್ಲಿ ಕಟ್ಟಿಕೊಳ್ಳಬಹುದು ಎಂಬುದು ಆಮೇಲೆ ತಿಳಿಯಿತು.

ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಒಳಸೇರುವ ವಿಷದ ಪ್ರಶ್ನೆ ಎದ್ದದ್ದು ಶ್ರೀಲಂಕಾದಲ್ಲಿ. 1990ರ ದಶಕದ ನಡುವಿನಿಂದ ಅನುರಾಧಪುರ, ಮೆದವಚ್ಚಿಯ, ಪದವಿಯ ಕಡೆಯ ಭತ್ತದ ರೈತರು ಕಿಡ್ನಿ ಸುಕ್ಕಿದ ಸ್ಥಿತಿಯಲ್ಲಿ ಆಸ್ಪತ್ರೆಗೆ ಬರತೊಡಗಿದರು. ಹೆಚ್ಚಿನವರು ಗಂಡಸರು. ಸಕ್ಕರೆ ಕಾಯಿಲೆಯಿಲ್ಲ, ಹಳೆಯ ಬಿಪಿಯೂ ಇಲ್ಲ.

2002ರಲ್ಲಿ ಎಲ್ ಸಾಲ್ವಡಾರ್‌ನಿಂದಲೂ ಇಂಥದೇ ವರದಿ ಬಂತು. ನಿಕರಾಗುವಾದ ಚಿಚಿಗಲ್ಪಾದಲ್ಲಿ ಕಬ್ಬು ಕಡಿಯುವವರು ಎಷ್ಟು ಮಂದಿ ಸತ್ತರೆಂದರೆ, ಅಲ್ಲಿನ ಒಂದು ಹಳ್ಳಿಗೆ ವಿಧವೆಯರ ದ್ವೀಪ ಎಂದೇ ಹೆಸರು ಬಿತ್ತು. ನಮ್ಮ ನೆರೆಯ ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ, ತೆಂಗು ಗೋಡಂಬಿಯ ಸೀಮೆ, ಅದೇ ಸಂಕಟದಲ್ಲಿದೆ.

ಕಾರಣ ಯಾವುದು? ಮಧ್ಯ ಅಮೆರಿಕದಲ್ಲಿ ಬಿಸಿಲಿನ ದುಡಿಮೆ, ನೀರಡಿಕೆಯ ಮೇಲೆ ಬಲವಾದ ಅನುಮಾನ. ಶ್ರೀಲಂಕಾ ಕೃಷಿವಿಷವನ್ನೇ ಶಂಕಿಸಿ 2015ರಲ್ಲಿ ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ನಿಷೇಧಿಸಿತು. ಆದರೆ ಆ ನಿಷೇಧ ಉಳಿಯಲಿಲ್ಲ. ಅಮೆರಿಕದ ಅಯೋವಾ, ಉತ್ತರ ಕೆರೊಲಿನಾದ ಸಿಂಪಡಣೆಗಾರರನ್ನು 1993ರಿಂದ ಹಿಂಬಾಲಿಸಿದ ಅಧ್ಯಯನದಲ್ಲಿ ಕೆಲವು ಕಳೆನಾಶಕಗಳ ಜೊತೆ ಪರ್ಮೆಥ್ರಿನ್ ಎಂಬ ಕೀಟನಾಶಕವೂ ಅಂತಿಮ ಹಂತದ ಕಿಡ್ನಿ ವೈಫಲ್ಯದೊಂದಿಗೆ ತಳುಕು ಹಾಕಿಕೊಂಡಿತ್ತು. 2019ರಲ್ಲಿ ಬೆಲ್ಜಿಯಂನ ಬೆಂಜಮಿನ್ ವೆರ್‌ವೇಟ್ ಮತ್ತು ಸಂಗಡಿಗರು ಇಂಥ ರೋಗಿಗಳ ಕಿಡ್ನಿಯ ಚೂರುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ನಾಳದ ಜೀವಕೋಶಗಳೊಳಗೆ ಊದಿಕೊಂಡ ಲೈಸೋಸೋಮ್‌ಗಳು (ಕೋಶದ ಕಸ ಅರಗಿಸುವ ಚೀಲಗಳು), ಅವುಗಳಲ್ಲಿ ಕಪ್ಪು ಕಣಗಳು. ಕಿಡ್ನಿ ಕಸಿ ಮಾಡಿಸಿಕೊಂಡವರಲ್ಲಿ ಕೆಲವು ಔಷಧಿಗಳು ಮಾಡುವ ಹಾನಿಯೂ ಹೀಗೇ ಕಾಣುತ್ತದೆ. ಆದ್ದರಿಂದ ಇದು ಕೃಷಿವಿಷದ ಕೆಲಸವಿರಬೇಕು ಎಂದರು. ಈ ಗುರುತು ಬೇರೆ ಕಾಯಿಲೆಗಳಲ್ಲೂ ಸಿಗುತ್ತದೆಂದು ಇತರರು ತಕರಾರು ತೆಗೆದರು. ವಾದ ಮುಗಿದಿಲ್ಲ.

ಆದರೆ ಬಿಸಿಲೋ ವಿಷವೋ ಎಂದು ಒಂದನ್ನೇ ಆರಿಸಬೇಕಾಗಿಲ್ಲ. ಬೆನ್ನಿನ ಕ್ಯಾನಿನಿಂದ ಸೋರಿದ ದ್ರಾವಣ ಅಂಗಿ ನೆನೆಸುತ್ತದೆ, ಬೆವೆತ ಚರ್ಮ ಅದನ್ನು ಬೇಗ ಹೀರುತ್ತದೆ. ನೀರು ಕುಡಿಯದ ಮೈಯಲ್ಲಿ ಮೂತ್ರ ಗಟ್ಟಿಯಾಗಿ, ಕಿಡ್ನಿಯ ನಾಳಕ್ಕೆ ವಿಷ ಇನ್ನಷ್ಟು ಸಾಂದ್ರವಾಗಿ ತಾಗಬಹುದು.

ಈ ಕಾಯಿಲೆಯ ಆರಂಭದಲ್ಲಿ ಮೂತ್ರದಲ್ಲಿ ಪ್ರೋಟೀನ್ ಅಷ್ಟಾಗಿ ಇಳಿಯುವುದಿಲ್ಲ, ಕಾಲೂ ಊದುವುದಿಲ್ಲ. ಹಾಗಾಗಿ ಔಷಧಿ ಹೊಡೆಯುವ ಕೂಲಿಕಾರರಿಗೆ ಮೂತ್ರ ಪರೀಕ್ಷೆಯೊಂದೇ ಸಾಲದು. ರಕ್ತದ ಕ್ರಿಯಾಟಿನಿನ್ ಕೂಡ ನೋಡಿಸಬೇಕು.