ಶಾಲೆ ನಡೆಸುವ ವಯಸ್ಸು



ಶಾಲೆಯೊಂದನ್ನು ಮುನ್ನಡೆಸಲು ಎಷ್ಟು ವಯಸ್ಸಾಗಿರಬೇಕು? ಪಶ್ಚಿಮ ಬಂಗಾಳದ ಮುರ್ಷಿದಾಬಾದ್ ಜಿಲ್ಲೆಯ ಬಾಬರ್ ಅಲಿ 2002ರಲ್ಲಿ ಮನೆಯ ಹಿತ್ತಲಲ್ಲಿ ಪಾಠ ಹೇಳತೊಡಗಿದಾಗ ಅವನಿಗೆ 9 ವರ್ಷ. ತಾನು ಶಾಲೆಯಲ್ಲಿ ಕಲಿತದ್ದನ್ನು ಮನೆಗೆ ಬಂದು, ಶಾಲೆಯ ಮೆಟ್ಟಿಲು ಹತ್ತದ ಮಕ್ಕಳಿಗೆ ಕಲಿಸುತ್ತಿದ್ದ. ಮೊದಲು ಬಂದವರು 8 ಮಂದಿ. ಅವರಲ್ಲಿ ತಂಗಿಯೂ ಒಬ್ಬಳು. ಹಿತ್ತಲ ಪಾಠ ನೂರಾರು ಮಕ್ಕಳ ಶಾಲೆಯಾಯಿತು. 2009ರಲ್ಲಿ ಬಿಬಿಸಿ ಅವನನ್ನು ಜಗತ್ತಿನ ಅತಿ ಕಿರಿಯ ಮುಖ್ಯೋಪಾಧ್ಯಾಯನೆಂದು ಪರಿಚಯಿಸಿದಾಗ ಅವನಿನ್ನೂ 16ರ ಹುಡುಗ.

ಆ ಶಾಲೆಗೆ ಹೆಗಲು ಕೊಟ್ಟವರಲ್ಲಿ ಮೀನು ಮಾರುವ, ಓದುಬರಹ ಬಾರದ ಹಿರಿಯ ಹೆಣ್ಣುಮಗಳೊಬ್ಬರಿದ್ದರು. ಊರೂರು ಸುತ್ತುವಾಗ ಯಾವ ಮನೆಯ ಮಗು ಶಾಲೆ ಬಿಟ್ಟಿದೆಯೆಂದು ಅವರಿಗೆ ತಿಳಿಯುತ್ತಿತ್ತು. ಅಂಥ ಮಕ್ಕಳನ್ನು ಇಲ್ಲಿಗೆ ಸೇರಿಸುತ್ತಿದ್ದರು. ಹುಡುಗನಿಗೆ ಕಲಿಸುವ ಹಂಬಲವಿತ್ತು, ಆ ತಾಯಿಗೆ ಮನೆಮನೆಯ ಕಷ್ಟದ ಅರಿವಿತ್ತು. ಎರಡೂ ಕೂಡಿ ಶಾಲೆ ಬೆಳೆಯಿತು.

ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮುಖ್ಯ ಶಿಕ್ಷಕರ ಬಡ್ತಿಗೆ ಸೇವಾ ಜ್ಯೇಷ್ಠತೆಯೇ ಆಧಾರ. ಅದರಲ್ಲಿ ಅರ್ಥವಿದೆ. ಸುಗ್ಗಿಯಲ್ಲಿ ಹಾಜರಿ ಏಕೆ ಕುಸಿಯುತ್ತದೆ, ಗುಳೆ ಹೋದ ಮನೆಯ ಮಗುವನ್ನು ಮರಳಿ ತರಗತಿಗೆ ಕರೆತರುವುದು ಹೇಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಎರಡು ಗುಂಪಾದ ಊರನ್ನು ಒಂದು ಮಾತಿಗೆ ತರುವುದು ಹೇಗೆ ಎಂಬುದನ್ನೆಲ್ಲ ವರ್ಷಗಳೇ ಕಲಿಸಬೇಕು.

ಆದರೆ ಸೇವಾ ಪುಸ್ತಕದಲ್ಲಿ ವರ್ಷಗಳು ತಾವಾಗಿಯೇ ಏರುತ್ತವೆ. ಅನುಭವ ಹಾಗೆ ಏರುವುದಿಲ್ಲ. ಮಕ್ಕಳನ್ನು ಗಮನಿಸಿದಷ್ಟು, ಸುತ್ತಲಿನವರ ಮಾತಿಗೆ ಕಿವಿಗೊಟ್ಟಷ್ಟು ಮಾತ್ರ ಅದು ನಮ್ಮದಾಗುತ್ತದೆ. 'ನನ್ನ ಮೂವತ್ತು ವರ್ಷದ ಸರ್ವಿಸ್‌ನಲ್ಲಿ ಇಂಥದ್ದು ನೋಡಿಲ್ಲ' ಎಂಬ ಮಾತು ಹೊಸ ಶಿಕ್ಷಕಿಯ ಬಾಯಿ ಕಟ್ಟಿದರೆ ಆ ಮೂವತ್ತು ವರ್ಷ ಶಾಲೆಗೆ ಭಾರ. 'ಮಾಡಿ ನೋಡಮ್ಮ, ಹೆಚ್ಚುಕಮ್ಮಿಯಾದರೆ ನಾನಿದ್ದೇನೆ' ಎಂದರೆ ಅದೇ ಮೂವತ್ತು ವರ್ಷ ಶಾಲೆಗೆ ಬಲ.

ಚಿಕ್ಕ ವಯಸ್ಸಿಗೇ ಹೊಣೆ ಹೊತ್ತವರು ಬಿಸಿಯೂಟದ ಅಡುಗೆಯಮ್ಮನನ್ನು ಮಾತನಾಡಿಸಬೇಕು. ಯಾವ ಮಗು ಬೆಳಗ್ಗೆ ಏನೂ ತಿನ್ನದೆ ಬಂದಿದೆ, ಯಾರು ಎರಡು ದಿನದಿಂದ ತಟ್ಟೆಯಲ್ಲಿ ಅನ್ನ ಬಿಡುತ್ತಿದ್ದಾರೆ ಎಂಬುದು ಆಕೆಯ ಕಣ್ಣಿಗೆ ಮೊದಲು ಬಿದ್ದಿರುತ್ತದೆ.

ಮುಖ್ಯೋಪಾಧ್ಯಾಯರಿಗೆ ಇಪ್ಪತ್ತೈದಿರಲಿ, ಐವತ್ತೈದಿರಲಿ, ತಮಗೆ ತಿಳಿಯದ್ದನ್ನು ತಿಳಿದವರು ಶಾಲೆಯ ಆವರಣದಲ್ಲೇ ಇದ್ದಾರೆ. ಇಂದು ಪ್ರಾರ್ಥನೆ ಮುಗಿದ ಮೇಲೆ ಅವರಲ್ಲೊಬ್ಬರನ್ನು ಕರೆದು ಕೂರಿಸಿ, ಕೇಳಿ. ಶಾಲೆ ನಡೆಸುವ ಅರ್ಹತೆ ಅಲ್ಲಿಂದಲೇ ಬೆಳೆಯುತ್ತದೆ.