ಒಂದು ಗಂಟೆ, ಎರಡು ಲೆಕ್ಕಪುಸ್ತಕ

(ಹೆಮ್ಮಾಡಿಯ ಪೋಷಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಹೆಮ್ಮಾಡಿಯವರಿಗೆ ಹೂವಿನ ವಿಚಾರ ನಾನು ಹೇಳಬೇಕಾಗಿಲ್ಲ. ಮಕರ ಸಂಕ್ರಮಣದಂದು ಮಾರಣಕಟ್ಟೆಯ ಜಾತ್ರೆಗೆ ಹೋಗುವ ಸೇವಂತಿಗೆ ನಿಮ್ಮ ಗದ್ದೆಗಳದು. ಮಾಲೆಯನ್ನು ನಾವು ಮೊಳದಲ್ಲಿ ಅಳೆಯುತ್ತೇವೆ. ಹೂ ಬಾಡಿದೆಯೇ ಎಂಬುದನ್ನು ಮೊಳ ಹೇಳುವುದಿಲ್ಲ. ಕಾಲೇಜಿನ ‘ಕ್ರೆಡಿಟ್’ ಕೂಡ ಇಂಥದೇ ಒಂದು ಮೊಳ.

ಇಲ್ಲಿ ಪಿಯುಸಿ ಮುಗಿಸಿ ಪದವಿಗೆಂದು ಕುಂದಾಪುರದ ಬಸ್ಸು ಹತ್ತುವ ಮಕ್ಕಳ ಅಂಕಪಟ್ಟಿಯಲ್ಲಿ ಈ ಪದ ಕಾಣುತ್ತದೆ. ವಾರಕ್ಕೆ ಒಂದು ಗಂಟೆಯಂತೆ ಸೆಮಿಸ್ಟರ್ ಪೂರ್ತಿ ಪಾಠ ನಡೆದರೆ ಒಂದು ಕ್ರೆಡಿಟ್. 15 ವಾರ ಹಿಡಿದರೆ ಮೂರು ಕ್ರೆಡಿಟ್ಟಿನ ವಿಷಯಕ್ಕೆ 45 ಗಂಟೆ. ಪ್ರಯೋಗಾಲಯದಲ್ಲಾದರೆ ಎರಡು ಗಂಟೆಗೆ ಒಂದು ಕ್ರೆಡಿಟ್. ನಿಂತ ಕಾಲಿಗೆ ಮಾತ್ರ ಎರಡು ಗಂಟೆ ಎರಡೇ ಗಂಟೆ!

ಈ ಲೆಕ್ಕದ ಮೂಲ ಮೇಷ್ಟರ ಪಿಂಚಣಿಯಲ್ಲಿದೆ ಎಂದರೆ ನಗಬೇಡಿ. 1905ರಲ್ಲಿ ಅಮೆರಿಕದ ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ ಕಾಲೇಜು ಅಧ್ಯಾಪಕರ ಪಿಂಚಣಿಗೆಂದು ಒಂದು ಕೋಟಿ ಡಾಲರ್ ತೆಗೆದಿಟ್ಟ. ಹಣ ಯಾವ ಕಾಲೇಜಿಗೆ ಸಲ್ಲಬೇಕು? ಹೆಸರಿಗಷ್ಟೇ ಕಾಲೇಜಾದವೂ ಅಲ್ಲಿ ಬೇಕಾದಷ್ಟಿದ್ದವು. ಆತನ ಪ್ರತಿಷ್ಠಾನ ಒಂದು ಅಳತೆಗೋಲು ಹಿಡಿಯಿತು: ಸೇರುವ ವಿದ್ಯಾರ್ಥಿ ಪ್ರೌಢಶಾಲೆಯಲ್ಲಿ 14 ‘ಯೂನಿಟ್’ ಓದಿರಬೇಕು, ಒಂದು ವಿಷಯವನ್ನು ವರ್ಷಕ್ಕೆ 120 ಗಂಟೆ ಓದಿದರೆ ಒಂದು ಯೂನಿಟ್. ಪಿಂಚಣಿ ಬೇಕಾದ ಕಾಲೇಜುಗಳು ಒಪ್ಪಿದವು. ನಮ್ಮ ಕ್ರೆಡಿಟ್ ಆ ವಂಶದ ದೂರದ ಕುಡಿ.

ಇಲ್ಲೊಂದು ಸೂಕ್ಷ್ಮವಿದೆ. ಅದೇ ಗಂಟೆ ಇನ್ನೊಂದು ಪುಸ್ತಕಕ್ಕೂ ಏರುತ್ತದೆ. ವಿದ್ಯಾರ್ಥಿಗೆ ಅದು ಕ್ರೆಡಿಟ್, ಅಧ್ಯಾಪಕರಿಗೆ ಕಾರ್ಯಭಾರ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಸಹಾಯಕ ಪ್ರಾಧ್ಯಾಪಕರ ವಾರದ ದುಡಿಮೆ 40 ಗಂಟೆ. ತರಗತಿಯ ಪಾಠ ಅದರಲ್ಲಿ 16 ಮಾತ್ರ. ಉಳಿದದ್ದು ಓದು, ತಯಾರಿ, ಉತ್ತರಪತ್ರಿಕೆ ತಿದ್ದುವುದು. ‘ವಾರಕ್ಕೆ 16 ಗಂಟೆಗೆ ಅಷ್ಟು ಸಂಬಳವೇ?’ ಎಂದು ಹುಬ್ಬೇರಿಸುವವರು ಈ ಮಾತು ಮರೆಯುತ್ತಾರೆ.

ಅತಿಥಿ ಉಪನ್ಯಾಸಕರ ಕಥೆ ಬೇರೆ. ಸರಕಾರಿ ಪದವಿ ಕಾಲೇಜುಗಳಲ್ಲಿ ಬಹುಪಾಲು ಪಾಠ ನಡೆಸುವವರು ಇವರು. 2021ರ ಡಿಸೆಂಬರಿನಲ್ಲಿ ತರಗತಿ ಬಿಟ್ಟು ಬೀದಿಗಿಳಿದರು. 2022ರ ಜನವರಿಯಲ್ಲಿ ಸರಕಾರ ಅವರ ಗೌರವಧನವನ್ನು 11–13 ಸಾವಿರದಿಂದ 26–32 ಸಾವಿರ ರೂಪಾಯಿಗೆ ಏರಿಸಿತು. ಜತೆಗೆ 8–10 ಗಂಟೆಯಿದ್ದ ವಾರದ ಪಾಠವನ್ನು 15 ಗಂಟೆಯವರೆಗೆ ಒಯ್ದಿತು.

ಒಂದು ಕಾಲೇಜಿನ ಕನ್ನಡ ವಿಭಾಗಕ್ಕೆ ವಾರಕ್ಕೆ 30 ಗಂಟೆ ಪಾಠ ಇದೆಯೆನ್ನಿ. ಹತ್ತರಂತೆ ಹಂಚಿದರೆ ಮೂವರಿಗೆ ಕೆಲಸ. ಹದಿನೈದರಂತೆ ಹಂಚಿದರೆ ಇಬ್ಬರಿಗೆ. ವಿದ್ಯಾರ್ಥಿಯ ಕ್ರೆಡಿಟ್ಟು ಒಂದೂ ಕಡಮೆಯಾಗಲಿಲ್ಲ. ಮೂರನೆಯವರು ಮನೆಗೆ ಹೋದರು. ರಾಜ್ಯದಲ್ಲಿ ಹಾಗೆ ಹೋದವರು ಸಾವಿರಾರು ಮಂದಿ.

ಪಠ್ಯಕ್ರಮ ಬದಲಾದಾಗಲೂ ಇದೇ ಪಾಡು. 2021–22ರಲ್ಲಿ ನಾಲ್ಕು ವರ್ಷದ ಪದವಿ ಬಂತು. 2024–25ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಪ್ರತಿ ಸಲವೂ ಯಾವ ವಿಷಯಕ್ಕೆ ಎಷ್ಟು ಗಂಟೆ ಎಂಬ ಪಟ್ಟಿ ಬದಲಾಯಿತು. ನಾವು ಆ ಪಟ್ಟಿಯಲ್ಲಿ ಮಕ್ಕಳ ವಿಷಯಗಳನ್ನು ಹುಡುಕುತ್ತೇವೆ. ಅತಿಥಿ ಉಪನ್ಯಾಸಕರು ತಮ್ಮ ಅನ್ನ ಹುಡುಕುತ್ತಾರೆ.

2024ರ ಜನವರಿಯಲ್ಲಿ ಗೌರವಧನ ಇನ್ನೊಮ್ಮೆ ಏರಿತು. 60 ತುಂಬಿದ ಅತಿಥಿ ಉಪನ್ಯಾಸಕರಿಗೆ ಗರಿಷ್ಠ 5 ಲಕ್ಷ ರೂಪಾಯಿ ಇಡಿಗಂಟು ಕೊಡುವುದಾಗಿಯೂ ಸರಕಾರ ಹೇಳಿತು. ಕಾರ್ನೆಗಿಯ ಲೆಕ್ಕ ಪಿಂಚಣಿಯಿಂದಲೇ ಶುರುವಾಗಿತ್ತು. ನಮ್ಮಲ್ಲಿ ಗಂಟೆ ಮೊದಲು ಬಂತು.