ನೀರು ಮತ್ತು ಗುಡ್ಡದ ನಡುವೆ: ಠಾಣೆ–ಮುಂಬ್ರಾ ರೈಲುಸೇತುವೆಯ ಕಥೆ



ಠಾಣೆ ನಿಲ್ದಾಣವನ್ನು ಬಿಟ್ಟು ಕಲ್ಯಾಣದ ಕಡೆಗೆ ಹೊರಟ ರೈಲುಗಾಡಿಯ ಕಿಟಕಿಯಿಂದ ನೋಡುವವರಿಗೆ ಮೊದಲು ಸಮುದ್ರದ ಉಬ್ಬರವಿಳಿತಕ್ಕೆ ಏರಿಳಿಯುವ ನೀರು ಕಾಣಿಸುತ್ತದೆ. ಈ ಅಳಿವೆಗೆ ಅಲ್ಲಿನ ಜನ 'ಖಾಡಿ' ಎನ್ನುತ್ತಾರೆ. ಅದನ್ನು ದಾಟಿದೊಡನೆ ಕಳವಾ. ಬಳಿಕ ಪಾರ್ಸಿಕ್ ಗುಡ್ಡದ ಕಡಿದಾದ ಮೈ. ಅದರ ಬುಡದಲ್ಲಿ ಮುಂಬ್ರಾ. ಮಳೆಗಾಲದಲ್ಲಿ ಈ ಗುಡ್ಡದಿಂದ ತೊರೆಗಳು ಧುಮುಕುವ ನೋಟ ಮನೋಹರವಾದುದು. ಆದರೆ ಒಂದು ಕಡೆ ನೀರು, ಇನ್ನೊಂದು ಕಡೆ ಬಂಡೆ ಇರುವ ಈ ಸ್ಥಳವು ರೈಲುಮಾರ್ಗಕ್ಕೆ ಉಳಿಸಿಕೊಟ್ಟ ಜಾಗ ಬಹಳ ಕಿರಿದು. ಈ ಇಕ್ಕಟ್ಟನ್ನು ನಿವಾರಿಸಲು ಇಂಜಿನಿಯರುಗಳು 1854ರಿಂದ ಇಂದಿನವರೆಗೆ ಮೂರು ಬಾರಿ ಮೂರು ಬಗೆಯ ಪ್ರಯತ್ನಗಳನ್ನು ಕೈಗೊಂಡರು.

ಭಾರತದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟು 34 ಕಿಲೋಮೀಟರ್ ದೂರದ ಠಾಣೆಯನ್ನು ತಲುಪಿತೆಂಬುದು ಸರ್ವವಿದಿತ. ಅಲ್ಲಿ ಮಾರ್ಗವು ನಿಂತದ್ದಕ್ಕೆ ಕಾರಣವುಂಟು. ಮುಂಬಯಿಯೂ ಅದಕ್ಕೆ ಹೊಂದಿದ ಸಾಲ್ಸೆಟ್ ದ್ವೀಪವೂ ಮುಖ್ಯಭೂಮಿಯಿಂದ ಬೇರ್ಪಟ್ಟಿರುವುದೇ ಈ ಖಾಡಿಯಿಂದ. ಇದನ್ನು ದಾಟದ ಹೊರತು ರೈಲು ದಖ್ಖನಿನ ಹತ್ತಿ ಮತ್ತು ಧಾನ್ಯಗಳ ನಾಡನ್ನು ತಲುಪುವಂತಿರಲಿಲ್ಲ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯ ಮುಖ್ಯ ಇಂಜಿನಿಯರ್ ಜೇಮ್ಸ್ ಜಾನ್ ಬರ್ಕ್ಲಿ ಅವರ ನೇತೃತ್ವದಲ್ಲಿ ಸೇತುವೆಯ ಕೆಲಸ ನಡೆದು, 1854ರ ಮೇ 1ರಂದು ಕಲ್ಯಾಣದವರೆಗಿನ ಮಾರ್ಗ ಸಂಚಾರಕ್ಕೆ ತೆರೆಯಿತು. ದೇಶದ ಆದ್ಯ ರೈಲುಸೇತುವೆಗಳಲ್ಲಿ ಇದು ಪ್ರಮುಖವಾದುದು.

ಅನೇಕ ಕಮಾನುಗಳ ಸಾಲಿನ ಮೇಲೆ ಹಾದಿಯನ್ನು ಎತ್ತಿ ಒಯ್ಯುವ ಇಂತಹ ಸೇತುವೆಗೆ ವಯಾಡಕ್ಟ್ ಎಂದು ಹೆಸರು. ಠಾಣೆಯಲ್ಲಿ ಇದನ್ನು ಎರಡು ಭಾಗಗಳಾಗಿ ಕಟ್ಟಲಾಯಿತು: ಒಂದು ಸುಮಾರು 111 ಗಜ, ಮತ್ತೊಂದು ಸುಮಾರು 193 ಗಜ ಉದ್ದ. ಕಲ್ಲಿಗೆ ಒತ್ತಡವನ್ನು ತಾಳುವ ಶಕ್ತಿ ಅಧಿಕ, ಎಳೆತವನ್ನು ತಾಳುವ ಶಕ್ತಿ ಅತ್ಯಲ್ಪ. ಕಮಾನಿನ ಆಕಾರವು ಗಾಡಿಯ ಭಾರವನ್ನು ಒತ್ತಡವಾಗಿ ಪರಿವರ್ತಿಸಿ, ಕಲ್ಲಿನಿಂದ ಕಲ್ಲಿಗೆ ದಾಟಿಸಿ, ಕಂಬಗಳ ಮೂಲಕ ತಳಪಾಯಕ್ಕೆ ಇಳಿಸುತ್ತದೆ. ಆದರೆ ಖಾಡಿಯಲ್ಲಿ ದೋಣಿಗಳ ಸಂಚಾರವೂ ಇತ್ತು. ಹಾಯಿದೋಣಿಗಳಿಗೆ ದಾರಿ ಬಿಡುವ ಸಲುವಾಗಿ ಒಂದೆಡೆ ಕಮಾನುಗಳ ಸಾಲನ್ನು ಕಡಿದು, ಸುಮಾರು 84 ಅಡಿ ಅಗಲದ ತೆರಪಿಗೆ ಕಬ್ಬಿಣದ ತೊಲೆಗಳನ್ನು ಹಾಸಲಾಯಿತು. ಹೊಸ ಹಾದಿಯು ಹಳೆಯ ಹಾದಿಯನ್ನು ಮುಚ್ಚಲಿಲ್ಲವೆಂಬುದು ಇಲ್ಲಿ ಗಮನಾರ್ಹ.

ಇಂತಹ ಕಟ್ಟಡದ ಆಯುಸ್ಸು ಗಾರೆ ಹಾಗೂ ತಳಪಾಯಗಳ ಗುಣವನ್ನು ಅವಲಂಬಿಸಿದೆ. ಇದೇ ಕಂಪನಿಯ ಭೋರ್ ಘಾಟಿನ ಕಲ್ಲುಸೇತುವೆಯೊಂದು 1867ರ ಮಳೆಗಾಲದಲ್ಲಿ ಕುಸಿದುಬಿದ್ದು, ಕಳಪೆ ಕಲ್ಲುಗೆಲಸದ ಅಪಾಯವನ್ನು ಎತ್ತಿ ತೋರಿಸಿತು. ಹಾಗಿದ್ದರೂ ಮಾರ್ಗದ ಮುನ್ನಡೆ ನಿಲ್ಲಲಿಲ್ಲ. ಠಾಣೆಯ ಸೇತುವೆಯನ್ನು ದಾಟಿ ಬಂದ ಹಳಿಗಳು ಕಲ್ಯಾಣದಿಂದ ಘಟ್ಟವನ್ನೇರಿ, ಪುಣೆ, ಸೊಲ್ಲಾಪುರಗಳ ಮೂಲಕ ಸಾಗಿ, 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಕೂಡಿದವು. ಕನ್ನಡ ನಾಡು ಮುಂಬಯಿಯೊಡನೆ ರೈಲಿನ ಮೂಲಕ ಬೆಸೆದುಕೊಂಡದ್ದು ಹೀಗೆ.

ಸಂಚಾರ ಬೆಳೆದಂತೆ, ಗುಡ್ಡವನ್ನು ಬಳಸಿ ಮುಂಬ್ರಾದ ಮೂಲಕ ಸಾಗುವ ತಿರುವಿನ ಹಾದಿ ಸಾಲದಾಯಿತು. ಎರಡನೆಯ ಪ್ರಯತ್ನವಾಗಿ ಗುಡ್ಡವನ್ನೇ ಕೊರೆದು, ಸುಮಾರು 1.3 ಕಿಲೋಮೀಟರ್ ಉದ್ದದ ಪಾರ್ಸಿಕ್ ಸುರಂಗವನ್ನು 1916ರಲ್ಲಿ ಬಳಕೆಗೆ ತರಲಾಯಿತು. ವೇಗದ ಗಾಡಿಗಳು ಸುರಂಗದಲ್ಲಿಯೂ, ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ಗಾಡಿಗಳು ಮುಂಬ್ರಾದ ಹಳೆಯ ಹಾದಿಯಲ್ಲಿಯೂ ಓಡತೊಡಗಿದವು.

ಮುಂಬ್ರಾದ ಮುಂದಿನ ನಿಲ್ದಾಣವಾದ ದಿವಾದಿಂದ ಪನ್ವೇಲ್, ರೋಹಾಗಳ ಕಡೆಗೆ ಮಾರ್ಗವೊಂದು ಕವಲೊಡೆಯುತ್ತದೆ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡ ಮೇಲೆ ಕಾರವಾರ, ಉಡುಪಿ, ಮಂಗಳೂರುಗಳ ಗಾಡಿಗಳೂ ಠಾಣೆಯ ಖಾಡಿಯನ್ನು ದಾಟಿಯೇ ಬರತೊಡಗಿದವು. ಠಾಣೆ, ಡೊಂಬಿವಲಿಗಳಲ್ಲಿ ನೆಲಸಿರುವ ಕನ್ನಡಿಗರಿಗೆ ಇದು ಊರಿಗೆ ಹೋಗುವ ದಾರಿ. ಇದೇ ದಾರಿಯಲ್ಲಿ ರತ್ನಾಗಿರಿಯ ಬಳಿ 424 ಮೀಟರ್ ಉದ್ದ, 64 ಮೀಟರ್ ಎತ್ತರದ ಪಾನ್ವಲ್ ಸೇತುವೆಯಿದೆ. ಅದರ ಕಾಂಕ್ರೀಟ್ ತೊಲೆಯನ್ನು ದಡದಲ್ಲಿ ತುಂಡುತುಂಡಾಗಿ ಎರಕಹೊಯ್ದು, ಕಂಬಗಳ ಮೇಲೆ ಹಂತಹಂತವಾಗಿ ಮುಂದಕ್ಕೆ ತಳ್ಳಲಾಯಿತು. ಕಲ್ಲಿನ ಕಮಾನಿನಿಂದ ಈ ವಿಧಾನದವರೆಗಿನ ಇಂಜಿನಿಯರಿಂಗ್ ಚರಿತ್ರೆಯನ್ನು ಪ್ರಯಾಣಿಕನು ಒಂದೇ ಪಯಣದಲ್ಲಿ ಹಾದುಹೋಗುತ್ತಾನೆ.

ಆದರೆ ದೂರದ ಗಾಡಿಗಳೂ ಸ್ಥಳೀಯ ವೇಗದ ಗಾಡಿಗಳೂ ಒಂದೇ ಸುರಂಗವನ್ನು ಹಂಚಿಕೊಳ್ಳಬೇಕಾದುದರಿಂದ ಇಕ್ಕಟ್ಟು ಮರುಕಳಿಸಿತು. ಮೂರನೆಯ ಪ್ರಯತ್ನವಾಗಿ ಠಾಣೆ–ದಿವಾ ನಡುವೆ ಐದನೆಯ ಮತ್ತು ಆರನೆಯ ಹಳಿಗಳನ್ನು ಸುಮಾರು 620 ಕೋಟಿ ರೂಪಾಯಿ ವೆಚ್ಚದಲ್ಲಿ ನಿರ್ಮಿಸಿ, 2022ರ ಫೆಬ್ರವರಿ 18ರಂದು ರಾಷ್ಟ್ರಕ್ಕೆ ಸಮರ್ಪಿಸಲಾಯಿತು. ಇದರಲ್ಲಿ 1.4 ಕಿಲೋಮೀಟರ್ ಉದ್ದದ ರೈಲು ಮೇಲ್ಸೇತುವೆ, 3 ದೊಡ್ಡ ಸೇತುವೆಗಳು ಹಾಗೂ 21 ಚಿಕ್ಕ ಸೇತುವೆಗಳು ಸೇರಿವೆ. ದೂರದ ಗಾಡಿಗಳಿಗೆ ಸುರಂಗವನ್ನು ಬಿಟ್ಟುಕೊಟ್ಟು, ವೇಗದ ಸ್ಥಳೀಯ ಗಾಡಿಗಳನ್ನು ಮುಂಬ್ರಾದ ಬದಿಗೆ ತರುವುದು ಸಾಧ್ಯವಾಯಿತು.

ಇಷ್ಟಾದರೂ ಕಾರ್ಯ ಮುಗಿದಿದೆಯೆನ್ನುವಂತಿಲ್ಲ. 2025ರ ಜೂನ್ 9ರ ಬೆಳಿಗ್ಗೆ, ಮುಂಬ್ರಾ ನಿಲ್ದಾಣದ ಬಳಿ ಎರಡು ಕಿಕ್ಕಿರಿದ ಗಾಡಿಗಳು ಎದುರುಬದುರಾಗಿ ಹಾದುಹೋಗುವಾಗ, ಬಾಗಿಲಲ್ಲಿ ಜೋತುಬಿದ್ದಿದ್ದ ಪ್ರಯಾಣಿಕರು ಹಳಿಗಳ ಮೇಲೆ ಬಿದ್ದರು. ಕನಿಷ್ಠ ನಾಲ್ವರು ಪ್ರಾಣ ಕಳೆದುಕೊಂಡರು. ಮುಂಬಯಿಯ ಉಪನಗರ ಮಾರ್ಗಗಳಿಗಾಗಿ ತಯಾರಾಗುವ ಹೊಸ ಗಾಡಿಗಳಲ್ಲಿ ತಾನಾಗಿ ಮುಚ್ಚುವ ಬಾಗಿಲುಗಳನ್ನು ಅಳವಡಿಸುವುದಾಗಿ ರೈಲ್ವೆ ಮಂಡಳಿ ಅದೇ ದಿನ ಪ್ರಕಟಿಸಿತು.

ಸೇತುವೆಯು ತಾಳಬೇಕಾದ ಭಾರವನ್ನು ಲೆಕ್ಕಹಾಕಿ ಕಲ್ಲು, ಕಬ್ಬಿಣಗಳನ್ನು ಜೋಡಿಸುವುದು ಇಂಜಿನಿಯರಿನ ಕೆಲಸ. ಆ ಸೇತುವೆಯ ಮೇಲೆ ದಿನವೂ ಸಾಗುವ ಮನುಷ್ಯರ ಸಂಖ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಗಾಡಿಗಳನ್ನೂ ಹಳಿಗಳನ್ನೂ ಒದಗಿಸುವುದು ಸಮಾಜದ ಹೊಣೆ. ಖಾಡಿಯ ದೋಣಿಗೆ 84 ಅಡಿ ತೆರಪು ಬಿಟ್ಟ 1854ರ ಸೇತುವೆಯು ತನ್ನ ಕಾಲದ ಅಗತ್ಯವನ್ನು ಮನಗಂಡಿತ್ತು. ಬಾಗಿಲಲ್ಲಿ ನೇತಾಡದೆ ಒಳಗೆ ನಿಂತು ಮನೆ ಸೇರುವಷ್ಟು ತೆರಪು ಈ ಕಾಲದ ಅಗತ್ಯವಾಗಿದೆ.